ಒಕ್ಕ ಹೊರುತ್ತಿದ್ದ ಭಾರ

ಅಜ್ಜನಿಗೆ ಲಕ್ವ ಹೊಡೆದ ಮೇಲೆ ನನ್ನ ಓದು ಅರ್ಧಕ್ಕೆ ನಿಂತಿತು. ಅಪ್ಪ ಇಲ್ಲ, ಅವ್ವನಿಗೆ ಮಂಡಿನೋವು. ಅಜ್ಜನ ಮೈ ಒರೆಸುವುದು, ರಾತ್ರಿಯಲ್ಲಿ ಮಗ್ಗುಲು ಬದಲಿಸುವುದು ನನ್ನ ಪಾಲಿನ ಕೆಲಸ. ಕಾಫಿ ಕುಯ್ಲಿನ ತಿಂಗಳುಗಳಲ್ಲಂತೂ ತೋಟಕ್ಕೂ ಮಂಚಕ್ಕೂ ಓಡಾಡಿ ಅಳು ಬರುವಷ್ಟು ಸಾಕಾಗುತ್ತದೆ. ಹಿಂದೆಲ್ಲ ಹಿರಿಯರು ಯಾರಿಗೂ ಭಾರವಾಗಿರಲಿಲ್ಲ ಎಂದು ನೋಡಲು ಬಂದವರು ಹೇಳಿ ಹೋಗುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಭಾರ ಆಗಲೂ ಇತ್ತು, ಹೊರುವ ಹೆಗಲು ಹಲವಿದ್ದವು.

ನಮ್ಮ ಕೊಡಗಿನಲ್ಲಿ ಆ ಹೆಗಲುಗಳನ್ನು ಒಟ್ಟಿಗೆ ಹಿಡಿದಿಟ್ಟದ್ದು ಜಮ್ಮಾ, ಅಂದರೆ ವಂಶಪಾರಂಪರ್ಯದ ಭೂಮಿ. ಅದನ್ನು ಮಾರುವಂತಿರಲಿಲ್ಲ, ಪಾಲು ಮಾಡುವಂತಿರಲಿಲ್ಲ. ಕುಟುಂಬದ ಹಿರಿಯನಾದ ಪಟ್ಟೆದಾರನ ಹೆಸರಿನಲ್ಲಿದ್ದರೂ ಅದು ಇಡೀ ಒಕ್ಕದ್ದು, ಅಂದರೆ ಒಂದೇ ಮೂಲದ ಕೂಡುಕುಟುಂಬದ್ದು. ಕಂದಾಯವೂ ಪೂರ್ತಿ ಕಂದಾಯ ತೆರುವ ಸಾಗು ಭೂಮಿಯದರ ಅರ್ಧ. ಹಾಗಾಗಿ ಅಣ್ಣತಮ್ಮಂದಿರು ಒಕ್ಕದ ಮೂಲ ಮನೆಯಾದ ಐನ್‌ಮನೆ ಬಿಟ್ಟು ಹೋಗುತ್ತಿರಲಿಲ್ಲ. ಜಗಲಿಯ, ಅಂದರೆ ಕೈಯಾಲೆಯ, ಐಮರದ ಹಲಗೆಯ ಮೇಲೆ ಕುಳಿತ ಮುದುಕ ನೀರು ಕೇಳಿದರೆ ತಂದುಕೊಡಲು ಯಾರಾದರೊಬ್ಬರು ಇದ್ದೇ ಇರುತ್ತಿದ್ದರು. ಗಂಡು ಸಂತಾನವಿಲ್ಲದೆ ಒಕ್ಕ ಅಳಿಯುವಂತಾದರೆ ಮಗಳಿಗೆ ಒಕ್ಕಪರಿಜೆಯ ಮದುವೆ ಮಾಡುತ್ತಿದ್ದರು. ಅಳಿಯ ತಾನು ಹುಟ್ಟಿದ ಒಕ್ಕದ ಹಕ್ಕು ಬಿಟ್ಟು ಹೆಂಡತಿಯ ಒಕ್ಕ ಸೇರುತ್ತಿದ್ದ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಕೊಡವರ ಕುರಿತ 1952ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪ ಹಚ್ಚಲು, ಗತಿಸಿದ ಹಿರಿಯರಾದ ಕಾರೋಣರಿಗೆ ಮೀದಿಯ ಎಡೆ ಇಡಲು ಜನ ಬೇಕಿತ್ತು. ಮುದಿ ಜೀವಗಳಿಗೆ ಗಂಜಿ ಕುಡಿಸುವವರೂ ಬೇಕಿತ್ತಲ್ಲ!

ಆ ಹಲವು ಹೆಗಲುಗಳಲ್ಲಿ ಹೆಚ್ಚಿನವು ಹೆಂಗಸರವು. ಇನ್ನು ಕೆಲವು, ಗದ್ದೆಯ ಜೊತೆಗೇ ಒಕ್ಕದ ಸ್ವತ್ತೆಂದು ಎಣಿಸಲ್ಪಟ್ಟಿದ್ದ ಜಮ್ಮದಾಳುಗಳೆಂಬ ಜೀತದಾಳುಗಳವು. ಗುಲಾಮಗಿರಿಗೆ ಕಾನೂನಿನ ಮಾನ್ಯತೆ 1843ರಲ್ಲೇ ಹೋದರೂ ಜೀತ ನಿಷೇಧದ ಕಾಯ್ದೆ ಬಂದದ್ದು 1976ರಲ್ಲಿ. ನಮ್ಮ ಒಕ್ಕದ ವಂಶಾವಳಿಯಲ್ಲಿ ಆ ಆಳುಗಳ ಹೆಸರಿಲ್ಲ. ಹಳೆಯ ಕಾಲವನ್ನು ಹೊಗಳುವವರು ಇದನ್ನು ಮರೆಯಬಾರದು.

ಆ ಹೆಗಲುಗಳು ಚದುರತೊಡಗಿದ್ದು ಕಾಫಿ ಬಂದ ಮೇಲೆ. 1854ರಲ್ಲಿ ಯುರೋಪಿಯನ್ ತೋಟಗಾರ ಜಾನ್ ಫೌಲರ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ. ಬರಬರುತ್ತಾ ಸೌದೆಗೆ, ದನ ಮೇಯಲು ಇದ್ದ ನಮ್ಮ ಬಾಣೆಗಳಲ್ಲೂ ಕಾಫಿ ಗಿಡ ಎದ್ದಿತು. ಒಂದೊಂದು ಕವಲು ತನ್ನ ತೋಟದಲ್ಲೇ ಮನೆ ಕಟ್ಟಿಕೊಂಡಿತು; ಮಕ್ಕಳು ಸೇನೆಗೆ, ಬೆಂಗಳೂರಿಗೆ ಹೋದರು. ಐನ್‌ಮನೆಯಲ್ಲಿ ಹಂಚಿಹೋಗುತ್ತಿದ್ದ ಕೆಲಸವೆಲ್ಲ ತೋಟದ ಮನೆಯಲ್ಲಿ ಉಳಿದ ಒಬ್ಬ ಹುಡುಗನ ಅಥವಾ ಹುಡುಗಿಯ ಮೇಲೆ ಬಿತ್ತು. ನನಗೆ ಗೊತ್ತಿರುವ ಅಂಥವರು ಹಲವರಿದ್ದಾರೆ. ದಣಿವನ್ನು ಬಾಯಿಬಿಟ್ಟು ಹೇಳಿದರೆ ಪ್ರೀತಿಯಿಲ್ಲದವರು ಎನಿಸಿಕೊಳ್ಳುತ್ತೇವೆಂಬ ಹೆದರಿಕೆ ಅವರಿಗೆಲ್ಲ.

ಒಕ್ಕ ಸತ್ತಿಲ್ಲ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಉತ್ಸವಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಬಂದವು. ಊರೂರಿನಿಂದ ಆಟಗಾರರನ್ನು ಕರೆಸಿಕೊಳ್ಳಬಲ್ಲ ಒಕ್ಕಕ್ಕೆ ಹಾಸಿಗೆ ಹಿಡಿದ ಹಿರಿಯರ ಪಟ್ಟಿ ಮಾಡುವುದು ಕಷ್ಟವಲ್ಲ. ಪಟ್ಟೆದಾರರೇ, ಮುಂದಿನ ಒಕ್ಕದ ಸಭೆಯಲ್ಲಿ ಐನ್‌ಮನೆಯ ಹೆಂಚಿನ ಲೆಕ್ಕ ಮುಗಿದ ಮೇಲೆ ಈ ಪಟ್ಟಿಯನ್ನೂ ಓದಿ. ಯಾವ ವಾರ ಯಾರು ಬಂದು ನೋಡಿಕೊಳ್ಳುತ್ತಾರೆಂದು ಅಲ್ಲೇ ಬರೆಸಿ.