ಅಂಚಿನ ಮುದ್ರೆ: ಕಬುಕಿ ಚಿತ್ರಗಳ ಕಾಲನಿರ್ಣಯ

ಶಾಸನ ಓದುವವರ ಕಣ್ಣಿಗೆ ಒಂದು ಚಟ ಇರುತ್ತೆ. ಶಿಲ್ಪ ಎಷ್ಟೇ ಚೆನ್ನಾಗಿರಲಿ, ಅದು ಮೊದಲು ಹುಡುಕೋದು ಅಕ್ಷರವನ್ನು. ಜಪಾನಿನ ಕಬುಕಿ ನಾಟಕಗಳ ಮರದಚ್ಚಿನ ಚಿತ್ರಗಳನ್ನು ಕೆಲವು ವರ್ಷಗಳಿಂದ ಸಂಗ್ರಹಿಸುತ್ತಿದ್ದೇನೆ. ಅವನ್ನೂ ನಾನು ನೋಡೋದು ಹೀಗೇ. ನನ್ನ ಮಟ್ಟಿಗೆ ಅವು ಕಾಗದದ ಮೇಲಿನ ಶಾಸನಗಳು.

ನಟರ ಈ ಚಿತ್ರಗಳಿಗೆ 'ಯಾಕುಷಾ-ಎ' ಅಂತ ಹೆಸರು. ಎದೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಹೊಸ ನಾಟಕ ಬಂತೆಂದರೆ ಅದರ ನಟರ ಚಿತ್ರಗಳೂ ಅಂಗಡಿಗೆ ಬರುತ್ತಿದ್ದವು. ಸಾಮಾನ್ಯ ಅಳತೆಯ ಹಾಳೆ ಸುಮಾರು 39 ಸೆಂ.ಮೀ. ಎತ್ತರ, 26 ಸೆಂ.ಮೀ. ಅಗಲ. ಇಷ್ಟರೊಳಗೆ ಕಲಾವಿದನ ಸಹಿ, ಪ್ರಕಾಶಕನ ಗುರುತು, ಸರ್ಕಾರದ ಪರಿಶೀಲನಾ ಮುದ್ರೆ ಎಲ್ಲ ಇರುತ್ತವೆ. 1850ರ ದಶಕದ ಕೆಲವು ಹಾಳೆಗಳಲ್ಲಿ ಹಲಗೆ ಕೆತ್ತಿದವನ ಹೆಸರೂ ಉಂಟು; ನಮ್ಮ ಶಾಸನಗಳ ಕೊನೆಯಲ್ಲಿ ರೂವಾರಿಯ ಹೆಸರು ಬರುತ್ತಲ್ಲ, ಹಾಗೆ.

ಕಾಲನಿರ್ಣಯಕ್ಕೆ ಮುಖ್ಯವಾದದ್ದು ಪರಿಶೀಲನಾ ಮುದ್ರೆ. 1790ರ ದಶಕದ ಆರಂಭದಿಂದ 1842ರವರೆಗೆ 'ಕಿವಾಮೆ' ಎಂಬ ಒಂದೇ ಅಕ್ಷರದ ದುಂಡು ಮುದ್ರೆ. 'ಪರಿಶೀಲಿಸಿದೆ' ಅಂತ ಅರ್ಥ. ಆಮೇಲೆ 'ನಾನುಷಿ' ಎಂಬ ಪೇಟೆ ಮುಖ್ಯಸ್ಥರ ಹೆಸರಿನ ಮುದ್ರೆ ಬಂತು: 1847ರವರೆಗೆ ಒಂದು, ಅನಂತರ ಎರಡು. 1852ರಲ್ಲಿ ಈ ಜೋಡಿಯ ಜೊತೆಗೆ ವರ್ಷ-ತಿಂಗಳ ಮುದ್ರೆಯೂ ಸೇರಿತು. ಆದರೆ ವರ್ಷವನ್ನು ಅಂಕಿಯಲ್ಲಿ ಬರೆದಿಲ್ಲ. ಇಲಿ, ಎತ್ತು, ಹುಲಿ ಹೀಗೆ ಹನ್ನೆರಡು ಪ್ರಾಣಿಗಳ ಚಕ್ರದಲ್ಲಿ ಹೇಳಿದೆ. ಶಕವರ್ಷ ಅಳಿಸಿಹೋಗಿ ಸಂವತ್ಸರದ ಹೆಸರೊಂದೇ ಉಳಿದ ಶಾಸನ ಓದಿದವರಿಗೆ ಈ ತೊಡಕು ಚೆನ್ನಾಗಿ ಗೊತ್ತು. ನಮ್ಮಲ್ಲಿ ಅರವತ್ತು ವರ್ಷದ ಚಕ್ರ, ಅಲ್ಲಿ ಹನ್ನೆರಡರದು, ಅಷ್ಟೇ.

ನನ್ನ ಬಳಿ ಇರುವ ಒಂದು ಹಾಳೆಯನ್ನೇ ನೋಡೋಣ. ಸಹಿ ತೊಯೊಕುನಿಯದು. ಮುದ್ರೆಯಲ್ಲಿ 'ಇಲಿ, ಅಧಿಕ ಎರಡನೇ ತಿಂಗಳು' ಅಂತಿದೆ. ಹೌದು, ಅವರಿಗೂ ಅಧಿಕ ಮಾಸ ಇತ್ತು! ಉತಾಗಾವ ಕುನಿಸಾದ ಎಂಬ ಕಲಾವಿದ ತೊಯೊಕುನಿ ಎಂಬ ಗುರುವಿನ ಹೆಸರನ್ನು ಇಟ್ಟುಕೊಂಡಿದ್ದು 1844ರಲ್ಲಿ. ಅಲ್ಲಿಂದ ಅವನು ಸಾಯುವವರೆಗೆ ಬರುವ ಇಲಿ ವರ್ಷಗಳು ಎರಡೇ, 1852 ಮತ್ತು 1864. 1864ರ ಹೊತ್ತಿಗೆ ಪರಿಶೀಲನೆ ಮತ್ತು ತಿಂಗಳು ಎರಡೂ ಒಂದೇ ದುಂಡು ಮುದ್ರೆಯಲ್ಲಿ ಸೇರಿಹೋಗಿದ್ದವು. ನನ್ನ ಹಾಳೆಯಲ್ಲಿ ನಾನುಷಿ ಮುದ್ರೆಗಳ ಜೋಡಿ ಬೇರೆಯಾಗಿಯೇ ಇದೆ. ಮೇಲಾಗಿ 1864ರಲ್ಲಿ ಅಧಿಕ ಮಾಸವೇ ಇರಲಿಲ್ಲ. ಅಲ್ಲಿಗೆ ಇದು 1852ರ ಮಾರ್ಚ್-ಏಪ್ರಿಲ್‌ನದು ಅಂತಾಯ್ತು. ಮೂರು ಪುಟ್ಟ ಮುದ್ರೆ, ಒಂದು ಸಹಿ. ಲೆಕ್ಕ ತಿಂಗಳ ಮಟ್ಟಕ್ಕೆ ಬಂದು ನಿಂತಿತು.

ಈ ಹಾಳೆಯಲ್ಲಿ ಪಾತ್ರದ ಹೆಸರಿದೆ, ನಟನ ಹೆಸರಿಲ್ಲ. ಅದಕ್ಕೂ ಕಾರಣ ಉಂಟು. 1842ರಲ್ಲಿ ತೆನ್ಪೊ ಸುಧಾರಣೆಗಳ ಹೆಸರಿನಲ್ಲಿ ಸರ್ಕಾರ ನಟರ ಚಿತ್ರಗಳನ್ನೇ ನಿಷೇಧಿಸಿತು. ಕೆಲವೇ ವರ್ಷಗಳಲ್ಲಿ ಚಿತ್ರಗಳು ಮರಳಿ ಬಂದವು, ಆದರೆ ನಟರ ಹೆಸರು ಬಿಟ್ಟು. ಮುಖದ ಹೋಲಿಕೆಯಿಂದ ಜನ ಗುರುತಿಸುತ್ತಿದ್ದರು. ನಮಗೆ ಕೆಲವೊಮ್ಮೆ ಲಾಂಛನ ನೆರವಾಗುತ್ತೆ: ಒಂದರೊಳಗೊಂದು ಕೂತ ಮೂರು ಅಕ್ಕಿ ಅಳೆಯುವ ಚೌಕ ಮಾನಗಳು ಕಂಡರೆ ಅದು ಇಚಿಕಾವ ದಾಂಜೂರೋ ಮನೆತನ. ಆದರೆ ಆ ಹೆಸರು ತಲೆಮಾರಿನಿಂದ ತಲೆಮಾರಿಗೆ ಇಳಿದು ಬರುವಂಥದ್ದು. ಎಷ್ಟನೇ ದಾಂಜೂರೋ ಅಂತ ತಿಳಿಯಬೇಕಾದರೆ ಮತ್ತೆ ಮುದ್ರೆಗೇ ಬರಬೇಕು.

ಎಂಟನೆಯ ದಾಂಜೂರೋ 1854ರಲ್ಲಿ ಒಸಾಕಾದಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅವನ ನೆನಪಿಗೆ ನೂರಕ್ಕೂ ಹೆಚ್ಚು ಬಗೆಯ 'ಷಿನಿ-ಎ', ಅಂದರೆ ಸಾವಿನ ಚಿತ್ರಗಳು, ಹೊರಬಂದವು. ತಿಳಿನೀಲಿ ಉಡುಪು, ಕೈಯಲ್ಲಿ ಜಪಮಾಲೆ, ಪಕ್ಕದಲ್ಲಿ ಸತ್ತ ದಿನ ಮತ್ತು ಮರಣಾನಂತರ ಕೊಟ್ಟ ಬೌದ್ಧ ಹೆಸರು. ಅವಸರದಲ್ಲಿ ಅಚ್ಚಾದ ಇಂಥವುಗಳಲ್ಲಿ ಎಷ್ಟೋ ಹಾಳೆಗಳಿಗೆ ಪರಿಶೀಲನಾ ಮುದ್ರೆಯೇ ಇಲ್ಲ. ಮುದ್ರೆ ಇಲ್ಲದಿರೋದೂ ಒಂದು ಸಾಕ್ಷಿ.

ಆದರೆ ಮೊದಲಿನಿಂದಲೇ ಮುದ್ರೆ ಇಲ್ಲದ್ದು ಬೇರೆ, ಯಾರೋ ಕತ್ತರಿಸಿದ್ದರಿಂದ ಇಲ್ಲವಾದದ್ದು ಬೇರೆ. ಹಿಂದೆ ಹಾಳೆಗಳನ್ನು ಆಲ್ಬಮ್ಮಿಗೆ ಅಂಟಿಸುವಾಗ ಅಂಚು ಕತ್ತರಿಸುತ್ತಿದ್ದರು. ಮುಖಕ್ಕೆ ಏನೂ ಆಗಲಿಲ್ಲ; ಅಂಚಿನಲ್ಲಿದ್ದ ಮುದ್ರೆ, ಪ್ರಕಾಶಕನ ಗುರುತು ಹೋದವು. ಮೂರು ಹಾಳೆ ಸೇರಿ ಆಗುವ ರಂಗದೃಶ್ಯಗಳು ಬಿಡಿಯಾಗಿ ಚದುರಿದಾಗ ಅವನ್ನು ಮತ್ತೆ ಜೋಡಿಸೋಕೆ ನೆರವಾಗುವುದೂ ಇದೇ ಗುರುತುಗಳು. ಗುಡಿಯ ಗೋಡೆಗೆ ಸುಣ್ಣ ಬಳಿಯುವವರು ವಿಗ್ರಹ ಉಳಿಸಿ ಅಕ್ಷರ ಮುಚ್ಚಿದ ಹಾಗಾಯ್ತು ಇದು.

ಹಾಗಾಗಿ ಕೊಳ್ಳುವಾಗ ನಾನು ಕೇಳೋದು ಮೊದಲು ಅಳತೆ, ಆಮೇಲೆ ನಾಲ್ಕೂ ಅಂಚಿನ ಫೋಟೊ. ಬಣ್ಣ ಮಾಸಿರಲಿ, ಹುಳು ತಿಂದಿರಲಿ, ಮುದ್ರೆ ಉಳಿದಿದ್ದರೆ ಅದೇ ನನಗೆ ಬೇಕು. ಕೊಳ್ಳದೆಯೂ ಓದಬಹುದು: ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದ ತ್ಸುಬೊಉಚಿ ರಂಗಭೂಮಿ ವಸ್ತುಸಂಗ್ರಹಾಲಯ ಸಾವಿರಾರು ನಟಚಿತ್ರಗಳನ್ನು ಅಂತರ್ಜಾಲದಲ್ಲಿ ಇಟ್ಟಿದೆ. ಯಾವುದಾದರೂ ಒಂದನ್ನು ತೆರೆಯಿರಿ. ನಟನ ಕೆಕ್ಕರಿಸಿದ ಕಣ್ಣು ನಿಮ್ಮನ್ನು ಸೆಳೆಯುತ್ತೆ, ಸೆಳೆಯಲಿ. ಅದಾದ ಮೇಲೆ ಅಂಚಿಗೆ ಬನ್ನಿ.