ಸ್ಥಾನಿ ಮತ್ತು ಆದೇಶ: ಮೈಸೂರಿನ ದತ್ತಸ್ವೀಕಾರ ವಿಚಾರ

ಒಂದರ ಸ್ಥಾನಕ್ಕೆ ಮತ್ತೊಂದು ಬಂದಾಗ ಮೊದಲಿನದರ ಧರ್ಮವು ಅದಕ್ಕೆ ಎಷ್ಟು ಮಟ್ಟಿಗೆ ಸಲ್ಲುವುದೆಂಬುದು ಶಾಸ್ತ್ರಕಾರರ ಹಳೆಯ ಪ್ರಶ್ನೆ. ಆದೇಶವು ಸ್ಥಾನಿಯ ಕಾರ್ಯಗಳನ್ನು ಪಡೆಯುವುದು, ವರ್ಣವನ್ನೇ ಆಶ್ರಯಿಸಿದ ವಿಧಿಗಳಲ್ಲಿ ಮಾತ್ರ ಪಡೆಯದು ಎಂಬುದು ಪಾಣಿನಿಯ ವ್ಯವಸ್ಥೆ. ಕನ್ನಡದ ‘ಮಳೆಗಾಲ’ದಲ್ಲಿ ಕಕಾರಕ್ಕೆ ಗಕಾರವು ಆದೇಶವಾದರೂ ಅರ್ಥವು ಕೆಡದು. ವೈದ್ಯದಲ್ಲಿ ಭಾವಪ್ರಕಾಶವು ಕಾಕೋಲಿ ದೊರೆಯದಾಗ ಅಶ್ವಗಂಧವನ್ನು ವಿಧಿಸುವುದು. ಮೂಲಿಕೆ ಬೇರೆಯಾದರೂ ಉದ್ದಿಷ್ಟವಾದ ಗುಣವೊಂದೇ. ಚನ್ನಪಟ್ಟಣ, ಹೊಂಗನೂರುಗಳ ಸೀಮೆಯ ಒಕ್ಕಲಿನ ಮಾತಿನಲ್ಲಿ ‘ಮುಯ್ಯಾಳು’ ಎಂಬುದೂ ಇದೇ ನ್ಯಾಯದ್ದು: ಪಡೆದ ಆಳಿಗೆ ಪ್ರತಿಯಾಗಿ ಆಳನ್ನೇ ಕಳುಹಿಸಿ ಋಣವನ್ನು ತೀರಿಸುವುದು.

ಧರ್ಮಶಾಸ್ತ್ರದಲ್ಲಿ ದತ್ತಕನು ಪುತ್ರಪ್ರತಿನಿಧಿ. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ಸ್ವೀಕರಿಸಿದಾಗ ಈ ಒಂದು ಪದದ ಅರ್ಥವನ್ನೇ ರಾಜ್ಯವು ಅವಲಂಬಿಸಿತು. ಆಡಳಿತವು 1831ರಿಂದ ಇಂಗ್ಲಿಷರ ಕೈಯಲ್ಲಿದ್ದಿತು. ದತ್ತಕನಿಗೆ ಅರಸರ ಸ್ವಂತ ಆಸ್ತಿಯು ಸಲ್ಲುವುದಲ್ಲದೆ ರಾಜ್ಯವು ಸಲ್ಲದೆಂದು ಕಲ್ಕತ್ತೆಯ ಸರ್ಕಾರದವರು ವಾದಿಸಿದರು. ಎಂದರೆ ಪುತ್ರತ್ವವನ್ನು ಒಪ್ಪಿ ಅದರ ಮುಖ್ಯಫಲವನ್ನು ನಿರಾಕರಿಸಿದರು. 1867ರಲ್ಲಿ ಲಂಡನ್ನಿನ ಸರ್ಕಾರದವರು ದತ್ತವನ್ನು ರಾಜ್ಯಕ್ಕೂ ಮನ್ನಿಸಿದರು. 1881ರ ಮಾರ್ಚಿ 25ರಂದು ಚಾಮರಾಜೇಂದ್ರರಿಗೆ ಅಧಿಕಾರವು ದೊರೆಯಿತು, ಆದರೆ ನಿಬಂಧನೆಗಳೊಡನೆ. ಬೆಂಗಳೂರಿನ ದಂಡುಪ್ರದೇಶವು ಇಂಗ್ಲಿಷರಲ್ಲಿಯೇ ಉಳಿಯಿತು.

ಆದೇಶವು ಸ್ಥಾನಿಯಂತೆಯೇ, ಆದರೆ ಸರ್ವಾಂಶದಲ್ಲಿ ಅಲ್ಲ. ವ್ಯಾಕರಣದಲ್ಲಿ ಈ ಅಪವಾದವು ವರ್ಣದ ಸ್ವಭಾವದಿಂದ ಹುಟ್ಟಿತು. ಮೈಸೂರಿನಲ್ಲಿ ಪ್ರಬಲರ ಇಚ್ಛೆಯಿಂದ ಹುಟ್ಟಿತು.