ಲುಹಾನ್ ನದಿಯ ಮಹಾಸ್ಥಿಗಳು

ಬ್ಯೂನಸ್ ಐರಿಸ್ ನಗರದ ಪಶ್ಚಿಮಕ್ಕೆ ಹರಿಯುವ ಲುಹಾನ್ ನದಿಯ ದಂಡೆಯಲ್ಲಿ, ಆ ಸೀಮೆಯೆಲ್ಲ ಇನ್ನೂ ಸ್ಪೇನ್ ದೊರೆಯ ಆಳ್ವಿಕೆಗೆ ಒಳಪಟ್ಟಿದ್ದ 1787ರಲ್ಲಿ, ಮ್ಯಾನುಯೆಲ್ ಟೊರೆಸ್ ಎಂಬ ಡೊಮಿನಿಕನ್ ಸಂನ್ಯಾಸಿಯು ಅಗೆಯಿಸಿ ತೆಗೆದ ಮಹಾಸ್ಥಿಗಳು ಮರುವರ್ಷ ಸಮುದ್ರವನ್ನು ದಾಟಿ ಮ್ಯಾಡ್ರಿಡ್ಡಿನ ರಾಜಸಂಗ್ರಹಾಲಯವನ್ನು ಸೇರಿದುವು. ಇಂಥದೇ ಪ್ರಾಣಿ, ಚಿಕ್ಕದಾದರೂ ಸರಿಯೆ, ಸಜೀವವಾಗಿ ದೊರೆತಲ್ಲಿ ಕಳುಹಿಸತಕ್ಕದ್ದೆಂದು ಮೂರನೆಯ ಕಾರ್ಲೋಸನ ಆಸ್ಥಾನದಿಂದ ಆಜ್ಞೆ ಹೊರಟಿತು. ಒಂದು ಜೀವಜಾತಿಯೇ ನಿಶ್ಶೇಷವಾಗಿ ಅಳಿದುಹೋಗಬಹುದೆಂಬ ಭಾವನೆ ಇನ್ನೂ ಬೇರೂರದಿದ್ದ ಆ ಕಾಲದಲ್ಲಿ ಇದು ನಗತಕ್ಕ ಮಾತಾಗಿರಲಿಲ್ಲ.

ಸಂಗ್ರಹಾಲಯದ ಚಿತ್ರಕಾರನೂ ಅಂಗಚ್ಛೇದಕನೂ ಆಗಿದ್ದ ಹ್ವಾನ್ ಬೌಟಿಸ್ಟಾ ಬ್ರೂ ಆ ಎಲುಬುಗಳನ್ನು ಜೋಡಿಸಿ ಪ್ರಾಣಿಯನ್ನು ನಾಲ್ಕು ಕಾಲುಗಳ ಮೇಲೆ ನಿಲ್ಲಿಸಿದನು. ಆ ಅಸ್ಥಿಪಂಜರದ ಚಿತ್ರಗಳನ್ನಷ್ಟೇ ಮುಂದಿಟ್ಟುಕೊಂಡು, ಮೂಲವನ್ನು ಕಣ್ಣಾರೆ ಕಾಣದೆಯೇ, ಪ್ಯಾರಿಸ್ಸಿನ ಪ್ರಾಣಿಶಾಸ್ತ್ರಜ್ಞ ಕ್ಯೂವಿಯೇ 1796ರಲ್ಲಿ ಇದು ಮರದ ಕೊಂಬೆಗಳಿಗೆ ಜೋತುಬೀಳುವ ಮಂದಗಾಮಿ ಸ್ಲಾತಿನ ಬಂಧುವೆಂದು ನಿರ್ಣಯಿಸಿ ಮೆಗಥೀರಿಯಂ ಎಂದು ಹೆಸರಿಟ್ಟನು.

ಮೂತಿಯಿಂದ ಬಾಲದ ತುದಿಯವರೆಗೆ ಸುಮಾರು 6 ಮೀಟರ್ ಉದ್ದ, ಸುಮಾರು 4 ಟನ್ ತೂಕ ಎಂದರೆ ಗಾತ್ರದಲ್ಲಿ ಆನೆಗೆ ಸಮನಾಯಿತು. ಆದರೆ ಗಾತ್ರಕ್ಕಿಂತಲೂ ವಿಸ್ಮಯಕರವಾದುದು ಆ ಭಾರದ ಹಂಚಿಕೆ. ಮುಂಭಾಗ ತಕ್ಕಮಟ್ಟಿಗೆ ಹಗುರ. ಹಿಂಭಾಗದಲ್ಲಾದರೋ ಅತಿವಿಶಾಲವಾದ ಶ್ರೋಣಿ, ಗಿಡ್ಡಾಗಿ ಅಗಲವಾದ ತೊಡೆಯೆಲುಬು, ಬುಡದಲ್ಲಿ ಒನಕೆಗಿಂತಲೂ ಎಷ್ಟೋ ದಪ್ಪನಾದ ಬಾಲ. ಪಾದಗಳು ಒಳಮುಖವಾಗಿ ತಿರುಗಿದ್ದುದರಿಂದ ಮೃಗವು ಅಂಗಾಲನ್ನೂರದೆ ಪಾದದ ಹೊರ ಅಂಚಿನ ಮೇಲೆ ನಡೆಯುತ್ತಿದ್ದಿತು. ಗಾಜಿನಂತಹ ಹೊರಪದರವಿಲ್ಲದ ಹಲ್ಲುಗಳು ಸವೆದಷ್ಟೂ ಬೆಳೆಯುತ್ತಿದ್ದುವು.

ಇಷ್ಟೆಲ್ಲ ಸಾಕ್ಷ್ಯ ಎದುರಿಗಿದ್ದರೂ ಆ ಮೃಗ ಬದುಕಿದ ಬಗೆ ಹೇಗೆಂಬುದು ಬಗೆಹರಿಯಲಿಲ್ಲ. 1821ರಲ್ಲಿ ಅದನ್ನು ವರ್ಣಿಸಿದ ಪಾಂಡರ್ ಮತ್ತು ಡಾಲ್ಟನ್ ಎಂಬ ವಿದ್ವಾಂಸರು ಅದು ನೆಲದೊಳಗೆ ಬಿಲ ತೋಡಿ ವಾಸಿಸುತ್ತಿದ್ದಿತೆಂದರು. (ದಕ್ಷಿಣ ಬ್ರೆಜಿಲ್ಲಿನಲ್ಲಿ ಈಚೆಗೆ ಕಂಡುಬಂದ, ಗೋಡೆಗಳಲ್ಲಿ ಉಗುರಿನ ಗೀರುಗಳುಳ್ಳ ವಿಶಾಲ ಬಿಲಗಳಲ್ಲಿ ಕೆಲವನ್ನು ಈ ಕುಲದ ಬೇರೆ ಪ್ರಾಣಿಗಳೇ ತೋಡಿರಬೇಕೆಂದು ಊಹಿಸುವುದುಂಟಾದ್ದರಿಂದ, ಆ ಮಾತನ್ನು ಪೂರ್ತಿಯಾಗಿ ಹೀಗಳೆಯುವಂತಿಲ್ಲ.) ಇನ್ನು ಕೆಲವರು ಅದನ್ನು ಮರವನ್ನೇ ಹತ್ತಿಸಿದರು, ಅಷ್ಟು ಭಾರವನ್ನು ತಾಳುವ ಕೊಂಬೆಯಾವುದೆಂದು ಅವರು ಯೋಚಿಸಿದಂತೆ ತೋರದು.

ಈ ಕುಲದ ಪ್ರಾಣಿಗಳನ್ನು ಹಿಂಗಾಲುಗಳ ಮೇಲೆ ಎಬ್ಬಿಸಿ ನಿಲ್ಲಿಸಿ, ಬಾಲವನ್ನು ಮೂರನೆಯ ಕಾಲಾಗಿ ಊರಿಸಿ, ಮುಂಗೈಗಳಿಂದ ಮರವನ್ನು ತಬ್ಬಿ ಕೆಡಹಿಸಿದವನು ಲಂಡನ್ನಿನ ಅಂಗರಚನಾಶಾಸ್ತ್ರಜ್ಞ ರಿಚರ್ಡ್ ಓವೆನ್. ಮೆಗಥೀರಿಯಮ್ಮಿನ ಜ್ಞಾತಿಯಾದ ಮೈಲೊಡಾನಿನ ಅಸ್ಥಿಪಂಜರವನ್ನು ಕುರಿತು 1842ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು ತನ್ನ ವಾದಕ್ಕೆ ತಂದ ಸಾಕ್ಷ್ಯಗಳಲ್ಲಿ ಒಂದು, ಆ ಪ್ರಾಣಿಯ ತಲೆಬುರುಡೆ ಬದುಕಿದ್ದಾಗಲೇ ಒಡೆದು ಮತ್ತೆ ಕೂಡಿಕೊಂಡಿದ್ದ ಗುರುತು: ತಾನು ಕೆಡಹಿದ ಮರ ತನ್ನ ತಲೆಯ ಮೇಲೆಯೇ ಬಿದ್ದಿದ್ದರೂ ಅದು ಸಾಯದೆ ಉಳಿದಿತ್ತೆಂದು ಓವೆನ್ನನ ತರ್ಕ.